ಹಳದಿ ಟವೆಲ್ಲಿನ ಕೋಣೆ

ನಾನು ಕೆಲಸ ಮಾಡಿದ ಸಂಶೋಧನಾ ಸಂಸ್ಥೆ ಇರುವುದು ಮಲ್ಲೇಶ್ವರದಲ್ಲಿ. ಮಣ್ಣು, ನೀರು ಪರೀಕ್ಷಿಸುವುದು ಅದರ ಕಸುಬು. ನನ್ನ ಕಸುಬು ಮಣ್ಣಿನದೂ ಅಲ್ಲ, ನೀರಿನದೂ ಅಲ್ಲ. ಅವನ್ನು ಪರೀಕ್ಷಿಸುವ ಮನುಷ್ಯರು ಯಾವಾಗ ಬಂದರು, ಯಾವಾಗ ಹೋದರು, ಎಲ್ಲಿ ಕೂತರು ಎಂಬುದರದು. ಸರ್ವಿಸ್ ಪೂರ್ತಿ ಆಡಳಿತ ವಿಭಾಗದಲ್ಲೇ ಕಳೆಯಿತು. ಅಲ್ಲಿಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಮನೆಗೆ ಬಂದಿದ್ದರು. ಮನೆಯಿಂದ ಕೆಲಸ ಮಾಡುವವರ ನಿಯಮಗಳನ್ನು ತಿದ್ದಿ ಬರೆಯುವ ಹೊಣೆ ಅವರ ಮೇಲೆ ಬಿದ್ದಿದೆಯಂತೆ.

"ಏನೇನ್ ಹಾಕ್ಬೇಕು, ಏನೇನ್ ಬಿಡ್ಬೇಕು ಹೇಳ್ಕೊಡಿ ಮೇಡಂ" ಎಂದರು.

ಕಾಫಿ ಕುಡಿಸಿ ಕಳಿಸಿದೆ. ಏನೂ ಹೇಳಲಾಗಲಿಲ್ಲ. ಹೇಳಲು ಹೊರಟರೆ ಮೊದಲು ಒಂದು ಕೋಣೆ ಕಣ್ಣ ಮುಂದೆ ಬರುತ್ತದೆ, ಅದರ ಕಿಟಕಿಯಾಚೆ ಹಗ್ಗದ ಮೇಲೆ ಒಂದು ಹಳದಿ ಟವೆಲ್. ಮಾತು ಅಲ್ಲಿಗೆ ನಿಂತುಬಿಡುತ್ತದೆ. ಬರೆಯುವುದು ಅದಕ್ಕಿಂತ ಸಲೀಸು ಎಂದು ಈ ಬರಹ.

ನಾನು ಕೆಲಸಕ್ಕೆ ಸೇರಿದಾಗ ಹಾಜರಿ ಪುಸ್ತಕವಿತ್ತು. ಹತ್ತೂಕಾಲು ಹೊಡೆದ ಕೂಡಲೇ ಸೂಪರಿಂಟೆಂಡೆಂಟರು ಕೆಂಪು ಗೆರೆ ಎಳೆಯುತ್ತಿದ್ದರು. ಗೆರೆಯ ಕೆಳಗೆ ಸಹಿ ಬಿದ್ದರೆ ತಡ. ಹಿರಿಯ ವಿಜ್ಞಾನಿಯೊಬ್ಬರು ದಿನಾ ಗೆರೆಯ ಮೇಲೆಯೇ ಸಹಿ ಹಾಕುತ್ತಿದ್ದರು. ಕೇಳಿದರೆ, "ನಾನು ಮೇಲೂ ಇಲ್ಲ, ಕೆಳಗೂ ಇಲ್ಲ, ತ್ರಿಶಂಕು ಕಣ್ರೀ" ಎಂದು ನಗುತ್ತಾ ಹೋಗಿಬಿಡುವರು. ಸೂಪರಿಂಟೆಂಡೆಂಟರು ಇದಕ್ಕೆ ಮದ್ದು ಹುಡುಕಿ ಗೆರೆಯನ್ನು ಬಹಳ ತೆಳ್ಳಗೆ ಎಳೆಯತೊಡಗಿದರು. ವಿಜ್ಞಾನಿಗಳು ಸಹಿಯನ್ನು ಇನ್ನೂ ಚಿಕ್ಕದು ಮಾಡಿಕೊಂಡರು.

ಆಮೇಲೆ ಬೆರಳಚ್ಚಿನ ಯಂತ್ರ ಬಂತು. ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಮುನಿಯಮ್ಮನ ಬೆರಳು ಆಸಿಡ್ಡಿನಲ್ಲಿ ಸವೆದು ನುಣುಪಾಗಿತ್ತು. ಯಂತ್ರಕ್ಕೆ ಅವಳ ಗುರುತು ಸಿಗುತ್ತಿರಲಿಲ್ಲ. ದಿನಾ ಬೆಳಗ್ಗೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು. "ಅಮ್ಮಾ, ಇವತ್ತೂ ಅದು ನನ್ನ ನಾನಲ್ಲ ಅಂತದೆ. ನೀವಾದ್ರೂ ನೋಡ್ಕಳಿ, ನಾನೇ ತಾನೆ?" ನಾನು ನೋಡಿ, ಹೌದು, ನೀನೇ ಎಂದು ಹೇಳಿ ಕಳಿಸುತ್ತಿದ್ದೆ. ಆದರೂ ತಿಂಗಳ ಕೊನೆಗೆ ಯಂತ್ರ ಕೊಡುವ ಕಾಗದದಲ್ಲಿ ಅವಳು ಒಂದು ದಿನವೂ ಬಂದವಳಲ್ಲ. ಎದುರಿಗೆ ನಿಂತವಳನ್ನು ಇಲ್ಲ ಎನ್ನುವ ಯಂತ್ರವನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಇಲ್ಲದವರನ್ನು ಇದ್ದಾರೆ ಎಂದು ತೋರಿಸುವ ಯಂತ್ರವೂ ಇರಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಕೊರೊನಾ ಬಂದು ಹೋದ ಮೇಲೆ ಲೆಕ್ಕಾಚಾರ ವಿಭಾಗದ ಕೆಲವರಿಗೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೊಡಬೇಕಾಯಿತು. ಅವರದು ಅಂಕಿಅಂಶದ ಕೆಲಸ, ಕಂಪ್ಯೂಟರ್ ಇದ್ದರೆ ಸಾಕು. ಆದರೆ ನಮ್ಮ ರಿಜಿಸ್ಟ್ರಾರ್ ಚನ್ನಬಸಪ್ಪನವರಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಅವರ ಮನೆತನ ತಲೆಮಾರುಗಳಿಂದ ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದದ್ದು. ಅಣ್ಣನ ಮಗ ಈಗಲೂ ಅಂಗಡಿ ನಡೆಸುತ್ತಾನೆ. ಇವರೊಬ್ಬರು ಓದಿ ಆಡಳಿತಕ್ಕೆ ಬಂದವರು.

"ನಾಗರತ್ನಮ್ಮ, ನಮ್ಮ ತಂದೆ ಗಲ್ಲಾದ ಮುಂದೆ ಕೂತ್ರೆ ಅಂಗಡಿಯ ಪ್ರತಿಯೊಬ್ಬನೂ ಕಣ್ಣಿಗೆ ಬೀಳ್ತಿದ್ದ" ಎಂದು ನನಗೆ ಹೇಳುತ್ತಿದ್ದರು. "ಕಾಣದೇ ಇರೋನು ಕೆಲಸ ಮಾಡ್ತಿದಾನೆ ಅಂತ ನಾನು ಹೆಂಗ್ರೀ ನಂಬಲಿ?"

"ಕೆಲಸ ಮುಗಿಸಿ ಕಳಿಸ್ತಾರಲ್ಲ ಸಾರ್."

"ಕಳಿಸ್ತಾರೆ, ಸರಿ. ಮಾಡ್ದೋರು ಯಾರು? ಇವನೋ, ಇವನ ಭಾವಮೈದನೋ?"

ಹೀಗೆ ನಿಯಮಗಳು ತಯಾರಾದವು. ಮನೆಯಿಂದ ಕೆಲಸ ಮಾಡುವವರು ತಮ್ಮ ವಿಳಾಸ ಬರೆದುಕೊಡಬೇಕು. ಆ ವಿಳಾಸದಲ್ಲೇ ಇರಬೇಕು. ಬಾಗಿಲಿರುವ ಒಂದು ಕೋಣೆ ತೋರಿಸಬೇಕು. ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಕೂರಬೇಕು. ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಇರಬೇಕು. ಹೇಳದೆ ಎದ್ದು ಹೋದರೆ ಗೈರುಹಾಜರಿ. ಬೇರೆ ಕಸುಬಿನಲ್ಲಿ ತೊಡಗಿರುವುದು ಕಂಡರೆ ಮೆಮೊ, ಅನುಮತಿ ರದ್ದು. ಕೊನೆಯದಾಗಿ, ಆಡಳಿತ ವಿಭಾಗದವರು ಮನೆಗೆ ಹೋಗಿ ಕೋಣೆ ನೋಡಿ ಫೋಟೋ ತೆಗೆದು ಕಡತಕ್ಕೆ ಸೇರಿಸಬೇಕು. ಆಡಳಿತ ವಿಭಾಗದವರು ಎಂದರೆ ನಾನು.

ಆ ಬೇಸಗೆಯಲ್ಲಿ ನಾನು ನೋಡದ ಕೋಣೆಯಿಲ್ಲ. ಬಸವನಗುಡಿಯ ಒಬ್ಬರು ತೋರಿಸಿದ್ದು ಹೆಂಡತಿಯ ಸಂಗೀತ ಪಾಠದ ಕೋಣೆ. ನಾನು ಹೋದಾಗ ಐದಾರು ಮಕ್ಕಳು ಸರಳೆ ಹಾಡುತ್ತಿದ್ದರು. "ಇವ್ರು ಕೆಲಸಕ್ಕೆ ಕೂತ್ಕೊಂಡ್ರೆ ನಾನು ಮಕ್ಕಳನ್ನ ಅಡುಗೆಮನೇಗೆ ಕರ್ಕೊಂಡ್ ಹೋಗ್ತೀನಿ. ಒಗ್ಗರಣೆ ಶಬ್ದಕ್ಕೆ ತಾಳ ತಪ್ಪುತ್ತೆ, ಅಷ್ಟೆ" ಎಂದರು ಆಕೆ. ಚಾಮರಾಜಪೇಟೆಯ ಇನ್ನೊಬ್ಬರ ಕೋಣೆಗೆ ಬಾಗಿಲಿರಲಿಲ್ಲ, ಪರದೆಯಿತ್ತು. ನಿಯಮದಲ್ಲಿ ಬಾಗಿಲು ಎಂದಿದೆ ಎಂದೆ. ಮುಂದಿನ ವಾರ ಹೋದರೆ ಬಾಗಿಲು ಕೂರಿಸಿದ್ದರು. ಚೌಕಟ್ಟಿಗೆ ಒಂದು ಗೇಣು ಸಾಲದ ಬಾಗಿಲು. ಅದನ್ನೂ ಫೋಟೋ ತೆಗೆದೆ.

ಸತೀಶ್ ಅವರ ಮನೆ ಗವಿಪುರದಲ್ಲಿ. ಲೆಕ್ಕಾಚಾರ ವಿಭಾಗದಲ್ಲಿ ಮೆದು ಮಾತಿನವರು, ಯಾರ ತಂಟೆಗೂ ಹೋಗದವರು. ಅವರ ಕೋಣೆ ನಿಯಮಕ್ಕೆಂದೇ ಕಟ್ಟಿಸಿದಂತಿತ್ತು. ಬಾಗಿಲು, ಮೇಜು, ಕುರ್ಚಿ, ಕುರ್ಚಿಯ ಹಿಂದೆ ಕಿಟಕಿ. ಕಿಟಕಿಯಾಚೆ ಪಕ್ಕದ ಮನೆಯ ತಾರಸಿ, ಹಗ್ಗದ ಮೇಲೆ ಹಳದಿ ಟವೆಲ್. ನನ್ನ ಮೊಬೈಲಿನಲ್ಲಿ ಫೋಟೋ ತೆಗೆದೆ. "ನನಗೂ ಒಂದು ಕಳಿಸಿ ಮೇಡಂ" ಎಂದರು. ಕಳಿಸಿದೆ.

ಸತೀಶ್ ಹೆಂಡತಿ ಸುಮ ಕೊಟ್ಟ ಕೋಡುಬಳೆ ತಿನ್ನುತ್ತಾ ನಾನು ನನ್ನ ತಂಗಿಯ ಮಗಳ ಮದುವೆಯ ವಿಷಯ ತೆಗೆದೆ. "ಕಾರ್ಡು ನಮ್ಮಪ್ಪನ ಅಂಗಡೀಲೇ ಮಾಡ್ಸಿ ಮೇಡಂ. ಸುಲ್ತಾನ್‌ಪೇಟೇಲಿ ನವಿಲಿನ ಅಂಗಡಿ ಅಂದ್ರೆ ಯಾರಾದ್ರೂ ತೋರಿಸ್ತಾರೆ" ಎಂದಳು ಸುಮ. ತಂಗಿಯೂ ನಾನೂ ಹೋದೆವು. ಷಟರಿನ ಮೇಲೆ ದೊಡ್ಡ ನವಿಲಿನ ಚಿತ್ರ. ಕೆಳಗೆ ಚಿನ್ನದ ಅಕ್ಷರ ಒತ್ತುವ ಯಂತ್ರ. ಮರದ ಮೆಟ್ಟಿಲು ಹತ್ತಿದರೆ ಅಟ್ಟ. ಅಲ್ಲಿ ಕಾಗದದ ರಿಮ್ಮುಗಳ ನಡುವೆ ಜಮಖಾನ ಹಾಸಿ ಗಿರಾಕಿಗಳನ್ನು ಕೂರಿಸುತ್ತಿದ್ದರು. ಎದುರಿನ ಗೋಡೆಯ ತುಂಬ ಮಾದರಿ ಕಾರ್ಡುಗಳು, ಸಾಲುಸಾಲಾಗಿ ಗಣಪತಿಗಳು. ಸುಮಳ ತಂದೆ ಬಸಣ್ಣನವರು ನನ್ನ ತಂಗಿಯನ್ನು ಗಂಭೀರವಾಗಿ ಕೇಳಿದರು: "ನಿಂತ ಗಣಪತಿ ಬೇಕೇನಮ್ಮ, ಕೂತ ಗಣಪತಿಯೋ? ಬೀಗರ ಕಡೆಯೋರು ಏನಂತಾರೆ ಕೇಳ್ಬಿಡಿ, ಆಮೇಲೆ ನನ್ ಮೇಲೆ ಹೇಳ್ಬಾರ್ದು." ತಂಗಿ ಅರ್ಧ ದಿನ ಆ ಗೋಡೆ ನೋಡುತ್ತಾ ಕೂತಿದ್ದಳು. ನಾನೂ ಕೂತಿದ್ದೆ.

ಆ ಮದುವೆ ಮುಗಿದು ಒಂದು ವರ್ಷದ ಮೇಲೆ ನಡೆದದ್ದು ಇದು.

ತಿಂಗಳ ಪರಿಶೀಲನಾ ಮೀಟಿಂಗು ಅದು. ಅವತ್ತೇ ಮನೆಯಿಂದ ಕೆಲಸ ಮಾಡುವವರ ಅನುಮತಿಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬೇಕೋ ಬೇಡವೋ ತೀರ್ಮಾನ. ಸಭಾಕೊಠಡಿಯಲ್ಲಿ ರಿಜಿಸ್ಟ್ರಾರ್, ನಾನು, ಕಂಪ್ಯೂಟರು ನೋಡಿಕೊಳ್ಳುವ ನವೀನ. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ ಚುರುಕಾದ ಹುಡುಗ. ಎದುರಿನ ಪರದೆಯ ಮೇಲೆ ಚೌಕಚೌಕವಾಗಿ ಮುಖಗಳು. ರಿಜಿಸ್ಟ್ರಾರ್ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹೆಸರು ಕರೆಯುತ್ತಾ ಹೋದರು. ಕರೆದವರು ತಮ್ಮ ತಿಂಗಳ ಕೆಲಸ ಒಪ್ಪಿಸಬೇಕು. ಆ ಪಟ್ಟಿಯಲ್ಲಿ ಸತೀಶ್ ಅವರದು ಕೊನೆಯ ಹೆಸರು.

ಸತೀಶ್ ಚೌಕದಲ್ಲಿ ಎಲ್ಲವೂ ಎಂದಿನಂತೆ. ಮೇಜು, ಕಿಟಕಿ, ಹಳದಿ ಟವೆಲ್. ಅವರು ಮೈಕ್ ಮುಚ್ಚಿಕೊಂಡಿದ್ದರು. ಒಂದೆರಡು ಸಲ ಬಾಯಿಗೆ ಕರವಸ್ತ್ರ ಹಿಡಿದದ್ದು ಕಂಡಿತು. ಬಸವನಗುಡಿಯವರು ತಮ್ಮ ಕೆಲಸವನ್ನು ಬಹಳ ವಿಸ್ತಾರವಾಗಿ ಒಪ್ಪಿಸುತ್ತಿದ್ದರು. ಅಷ್ಟರಲ್ಲಿ ಸತೀಶ್ ಭುಜ ಗೋಡೆಯೊಳಗೆ ಕರಗಿತು. ಮತ್ತೆ ಬಂತು. ಕಿವಿ ಹೋಯಿತು, ತಲೆಯ ಒಂದು ಬದಿ ಹೋಯಿತು, ಬಂತು.

ನವೀನ ಕಿಸಕ್ಕೆಂದು ನಕ್ಕ. "ಸತೀಶ್ ಸಾರ್ ಮಾಯ ಆಗ್ತಿದಾರೆ."

"ಏನ್ರೀ ಅದು?" ಎಂದರು ರಿಜಿಸ್ಟ್ರಾರ್.

"ನೆಟ್‌ವರ್ಕ್ ಇರ್ಬೇಕು ಸಾರ್" ಎಂದ. ಆಮೇಲೆ ನಗು ನಿಲ್ಲಿಸಿ ಪರದೆಯ ಹತ್ತಿರ ಹೋದ. "ಅಲ್ಲ ಸಾರ್. ಇದು ನಿಜವಾದ ರೂಮಲ್ಲ. ಫೋಟೋ ಹಾಕ್ಕೊಂಡಿದಾರೆ ಹಿಂದೆ. ಆ ಟವೆಲ್ ನೋಡಿ, ಅಲ್ಲಾಡ್ತಾನೇ ಇಲ್ಲ."

ಆಗ ನೋಡಿದೆ. ನಾನು ತೆಗೆದ ಫೋಟೋ ಅದು. ತಿಂಗಳುಗಟ್ಟಲೆ ನಾನು ಅದನ್ನು ಮೀಟಿಂಗುಗಳಲ್ಲಿ ನೋಡಿದ್ದೆ. ನಿಯಮದ ಪ್ರಕಾರ ಇರಬೇಕಾದ ಕೋಣೆ ಇದ್ದ ಕಡೆ ಇತ್ತು, ಅದರಲ್ಲಿ ಮತ್ತೇನು ನೋಡುವುದಿತ್ತು?

ಒಂದು ಕ್ಷಣ ಆ ಚಿತ್ರ ಹರಿದುಹೋಯಿತು. ಬೂದು ಹೊಗೆ, ಅದರ ಹಿಂದೆ ಗೋಡೆಯ ತುಂಬ ಗಣಪತಿಗಳು. ನಿಂತವರು, ಕೂತವರು. ಮತ್ತೆ ಚಿತ್ರ ಕೂಡಿಕೊಂಡಿತು. ಗವಿಪುರದ ಕೋಣೆ ಬಂತು. ಆದರೆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಈ ಖಾಲಿ ಕುರ್ಚಿಯೇ ನನಗೆ ಇಂದಿಗೂ ಕಾಣುವುದು. ಅಷ್ಟು ಅಚ್ಚುಕಟ್ಟಾದ, ಬೆಳಕಿರುವ ಕೋಣೆ. ಯಾರೋ ಕಾಫಿಗೆಂದು ಎದ್ದು ಹೋದ ಹಾಗೆ. ಬಸವನಗುಡಿಯವರು ಇನ್ನೂ ಮಾತಾಡುತ್ತಲೇ ಇದ್ದರು. ರಿಜಿಸ್ಟ್ರಾರ್ ಪೆನ್ನು ತೆಗೆದರು, "ಹೇಳ್ದೆ ಎದ್ದು ಹೋದ್ರಲ್ಲ" ಎಂದು ಪಟ್ಟಿಯ ಕಡೆ ಬಗ್ಗಿದರು.

"ಸಾರ್, ಅವ್ರು ಎದ್ದು ಹೋಗಿಲ್ಲ, ಬಿದ್ದಿದಾರೆ. ಅಲ್ಲಿ ಬೆಂಕಿ" ಎಂದೆ.

ನವೀನ ಆಗಲೇ ಅಗ್ನಿಶಾಮಕಕ್ಕೆ ಫೋನು ಹಚ್ಚಿ ಕಡತದಲ್ಲಿದ್ದ ವಿಳಾಸ ಓದುತ್ತಿದ್ದ. ಗವಿಪುರ, ಇಂಥ ಅಡ್ಡರಸ್ತೆ. "ಅಲ್ಲಲ್ಲ" ಎಂದು ಕೈ ಬೀಸಿದೆ. ಆದರೆ ಗೋಡೆ ಕಂಡದ್ದು ನಾನೊಬ್ಬಳೇ, ಅದೂ ಒಂದು ಕ್ಷಣ. ಕಂಡದ್ದು ನಿಜವೇ? ಸುಮಳಿಗೆ ಫೋನು ಮಾಡಿದೆ.

"ಸುಮ, ಸತೀಶ್ ಎಲ್ಲಮ್ಮ?"

"ರೂಮಲ್ಲೇ ಇದಾರೆ ಮೇಡಂ. ಮೀಟಿಂಗಲ್ಲಿ ಇದಾರಲ್ಲ" ಎಂದಳು. ತಡವರಿಸಲಿಲ್ಲ. ಹೇಳಿ ಅಭ್ಯಾಸವಾದ ಮಾತು.

"ನಿಜ ಹೇಳಮ್ಮ. ಸುಲ್ತಾನ್‌ಪೇಟೇಲಿ ಇದಾರಾ?"

ಪರದೆಯ ಮೇಲೆ ಹಳದಿ ಟವೆಲ್ ಬಿಸಿಲಿಗೆ ಒಣಗುತ್ತಿತ್ತು.

"ಮೆಮೊ ಕೊಡ್ತೀರಾ ಮೇಡಂ?" ಎಂದಳು ಸುಮ.

"ಅಂಗಡೀಲಿ ಹೊಗೆ ತುಂಬಿದೆ ಸುಮ. ಬೇಗ ಹೇಳು."

"ಅಟ್ಟದ ಮೇಲಿದಾರೆ" ಎಂದಳು. ಆಮೇಲೆ ಕೇಳಿದ್ದು ಮಾತಲ್ಲ. "ಮಾವನ ಕಾರ್ಡಿನ ಅಂಗಡಿ ಸಾರ್, ಸುಲ್ತಾನ್‌ಪೇಟೆ, ಅಟ್ಟದ ಮೇಲೆ" ಎಂದು ಕೂಗಿದೆ.

ಮುಂದಿನದನ್ನು ಮಾಡಿದವರು ಚನ್ನಬಸಪ್ಪನವರು. ಅವರು ಎದ್ದು ನಿಂತದ್ದನ್ನು ನಾನು ನೋಡಲಿಲ್ಲ; ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು. ಸುಲ್ತಾನ್‌ಪೇಟೆಗೆ ಕೂಗಳತೆಯಲ್ಲಿ ಅಂಗಡಿಯಿದ್ದ ಅಣ್ಣನ ಮಗನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದರು. ಆಫೀಸಿನಲ್ಲಿ ನಾವೆಂದೂ ಕೇಳದ ದನಿ ಅದು, ಬಟ್ಟೆಯಂಗಡಿಯ ಈ ತುದಿಯಿಂದ ಆ ತುದಿಗೆ ಕೂಗುವ ದನಿ.

"ಏ ರುದ್ರ! ಗಿರಾಕಿ ಬಿಟ್ಟು ಓಡು. ಸುಲ್ತಾನ್‌ಪೇಟೆ, ಕಾರ್ಡಿನ ಅಂಗಡಿ, ಅಟ್ಟದ ಮೇಲೆ ಮನುಷ್ಯ ಇದಾನೆ, ಬೆಂಕಿ!"

"ಯಾವ ಅಂಗಡಿ ಚಿಕ್ಕಪ್ಪ? ಬೀದಿ ತುಂಬ ಕಾರ್ಡಿನೋವೇ!"

ರಿಜಿಸ್ಟ್ರಾರ್ ನನ್ನ ಕಡೆ ತಿರುಗಿದರು. "ನವಿಲು. ಷಟರ್ ಮೇಲೆ ನವಿಲು" ಎಂದೆ.

"ಓ, ಬಸಣ್ಣನ ಅಂಗಡಿ!" ಎಂದಿತು ಫೋನು. ಆಮೇಲೆ ಓಡುವ ಸದ್ದು, ದಾರಿಯುದ್ದಕ್ಕೂ ಅವನು ಜನರನ್ನು ಕೂಗುವುದು. "ಬನ್ರೋ, ನೀರ್ ತಗೊಂಬನ್ರೋ, ಬಸಣ್ಣನ ಅಂಗಡಿ!" ಫೋನು ಜೇಬಿನಲ್ಲೇ ಇತ್ತೆಂದು ಕಾಣುತ್ತದೆ, ಕಡಿತವಾಗಲಿಲ್ಲ. ಷಟರು ಅರ್ಧ ಎಳೆದಿತ್ತಂತೆ, ಅದನ್ನು ಮೇಲೆತ್ತಿದ ಕರಕರ ಕೇಳಿಸಿತು. ಯಾರೋ "ಮೇನ್ ಆಫ್ ಮಾಡೋ ಮೊದ್ಲು" ಎಂದರು. ಯಾರೋ ಕೆಮ್ಮಿದರು.

ಕಿವಿಗೆ ಇಷ್ಟೆಲ್ಲ ಕೇಳಿಸುತ್ತಿರುವಾಗ ಕಣ್ಣ ಮುಂದೆ ಆ ಕೋಣೆ ಮಿಸುಕದೆ ಇತ್ತು. ಉಳಿದ ಚೌಕಗಳ ಮುಖಗಳೂ ಅದನ್ನೇ ನೋಡುತ್ತಿದ್ದವು. ಒಮ್ಮೆಲೇ ಗವಿಪುರದ ಆ ಕೋಣೆಯೊಳಗೆ, ಗೋಡೆಯಿಂದ ಮೂಡಿಬಂದ ಹಾಗೆ, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡ ಒಂದು ತಲೆ ಬಂತು. ಎರಡು ತೋಳು ಬಂದವು. ಬಗ್ಗಿದವು. ಮೇಜಿನ ಕೆಳಗಿನಿಂದ ಏನನ್ನೋ ಎತ್ತಿಕೊಂಡವು. ಸತೀಶ್ ಮುಖ ಒಂದು ಸಲ ಕಂಡಿತು, ಬಾಯಿ ತೆರೆದಿತ್ತು. ಎಲ್ಲ ಸೇರಿ ಹಳದಿ ಟವೆಲ್ಲಿನ ಪಕ್ಕದಿಂದ ಹೊರಗೆ ಹೋದವು. ಮತ್ತೆ ಖಾಲಿ ಕುರ್ಚಿ.

"ಉಸಿರಾಡ್ತಿದಾನೆ ಚಿಕ್ಕಪ್ಪ" ಎಂದು ರುದ್ರ ಹೇಳುವವರೆಗೆ ನಮ್ಮಲ್ಲಿ ಯಾರೂ ಕೂರಲಿಲ್ಲ. ವಿಳಾಸ ತಿದ್ದಲು ನವೀನ ಮತ್ತೆ ಹಚ್ಚಿದ ಫೋನು ಸಿಕ್ಕಿರಲಿಲ್ಲ; ಅಗ್ನಿಶಾಮಕದವರು ಅವನು ಮೊದಲು ಹೇಳಿದ ವಿಳಾಸ ಹುಡುಕಿಕೊಂಡು ಗವಿಪುರಕ್ಕೆ ಹೋಗಿದ್ದರು. ಅಲ್ಲಿ ತೆರೆದ ಬಾಗಿಲು, ಬೆಂಕಿಯಿಲ್ಲದ ಕೋಣೆ ಕಂಡು ಅವರು ಫೋನು ಮಾಡುವ ಹೊತ್ತಿಗೆ ಸತೀಶ್ ಆಸ್ಪತ್ರೆಯ ದಾರಿಯಲ್ಲಿದ್ದರು.

ವಿಷಯ ಆಮೇಲೆ ತಿಳಿಯಿತು. ಬಸಣ್ಣನವರಿಗೆ ಪಾರ್ಶ್ವವಾಯು ಹೊಡೆದಿತ್ತು. ಅದು ಮದುವೆ ಕಾರ್ಡುಗಳ ಕಾಲ. ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದಂಗಡಿಗೆ. ಸತೀಶ್ ಅಟ್ಟದ ಮೇಲೆ ಕೂತು ನಮ್ಮ ಕೆಲಸ ಮಾಡುತ್ತಾ, ನಡುನಡುವೆ ಕೆಳಗಿಳಿದು ಗಿರಾಕಿಗಳಿಗೆ ಕಾರ್ಡು ತೋರಿಸುತ್ತಿದ್ದರು. ಅವತ್ತು ಕೆಳಗೆ ಯಂತ್ರ ನೋಡಿಕೊಳ್ಳುವ ಆಳು ಷಟರು ಅರ್ಧ ಎಳೆದು ಊಟಕ್ಕೆ ಹೋಗಿದ್ದ. ಯಂತ್ರದ ಹತ್ತಿರ ವೈರು ಹೊತ್ತಿಕೊಂಡಿತ್ತು.

ನಾನು ಆಸ್ಪತ್ರೆಗೆ ಹೋದಾಗ ಅವರಿಗೆ ಗಂಟಲು ಇನ್ನೂ ಸರಿಹೋಗಿರಲಿಲ್ಲ. ಒಂದು ಕೈಗೆ ಪಟ್ಟಿ. ಮಾತಾಡಬೇಡಿ ಎಂದೆ. ಅವರಿಗೆ ಹೇಳಬೇಕಿತ್ತು.

"ಹೊಗೆ ವಾಸನೆ ಬಂದಿತ್ತು ಮೇಡಂ. ಆಗ್ಲೇ ಬಂದಿತ್ತು."

"ಮತ್ತೆ ಇಳಿದು ಹೋಗೋದಲ್ವೇನ್ರೀ?"

"ಅವತ್ತು ಅನುಮತಿ ತೀರ್ಮಾನ ಇತ್ತಲ್ವಾ. ಎದ್ದು ಹೋದ್ರೆ ಗೈರುಹಾಜರಿ ಹಾಕ್ತಾರೆ. ಕೆಮ್ಮು ಕೇಳ್ಸುತ್ತೆ ಅಂತ ಮೈಕ್ ಮುಚ್ಚಿದೆ. ನನ್ನ ಹೆಸರು ಕರೆಯೋವರೆಗೂ ಕೂತಿರೋಣ, ಹೇಳ್ಬಿಟ್ಟು ಇಳಿಯೋಣ ಅಂದ್ಕೊಂಡೆ." ಒಂದು ಗುಟುಕು ನೀರು ಕುಡಿದು, "ಬಸವನಗುಡಿ ಸಾರ್ ಮುಗಿಸಲೇ ಇಲ್ಲ" ಎಂದರು. ನಗಲು ಹೋಗಿ ಕೆಮ್ಮಿದರು.

ಈ ಮಾತನ್ನು ಹಾಗೆಯೇ ರಿಜಿಸ್ಟ್ರಾರಿಗೆ ಹೇಳಿದೆ. ಅವರ ಮೇಜಿನ ಮೇಲೆ ಸತೀಶ್‌ಗೆ ಕೊಡಬೇಕಾದ ಮೆಮೊ ಟೈಪಾಗಿ ಬಂದು ಕೂತಿತ್ತು. ವಿಳಾಸ ತಪ್ಪಿದ್ದು ಒಂದು, ಬೇರೆ ಕಸುಬು ಇನ್ನೊಂದು. ನಿಯಮದ ಪ್ರಕಾರ ಎರಡೂ ಸರಿ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನಾನೂ ಅಲ್ಲೇ ಕೂತಿದ್ದೆ ಅಲ್ವೇನ್ರೀ ನಾಗರತ್ನಮ್ಮ? ಅವನನ್ನೇ ನೋಡ್ತಾ."

"ಹೌದು ಸಾರ್."

"ಕಣ್ಣಿಗೆ ಕಾಣ್ತಾನೇ ಇದ್ದ" ಎಂದರು. ಮೆಮೊ ಮಡಿಚಿ ಡ್ರಾಯರಿಗೆ ಹಾಕಿದರು. ಅದು ಮತ್ತೆ ಹೊರಗೆ ಬಂದದ್ದನ್ನು ನಾನು ಕಾಣೆ. ಸತೀಶ್ ಅವರ ಅನುಮತಿ ಮುಂದುವರಿಯಿತು.

ಎದ್ದು ಹೋದರೆ ಗೈರುಹಾಜರಿ ಎಂಬ ನಿಯಮ ಆಮೇಲೆ ಹೋಯಿತು. ಕೋಣೆ ತೋರಿಸಬೇಕೆಂಬುದೂ ಹೋಯಿತು. ವಿಳಾಸದ ನಿಯಮ ಉಳಿಯಿತು, ಒಂದು ಬದಲಾವಣೆಯೊಂದಿಗೆ: ಬೇರೆ ಕಡೆ ಕೂತಿದ್ದರೆ ಅವತ್ತಿನ ಜಾಗ ತಿಳಿಸಿದರೆ ಸಾಕು, ಕಾರಣ ಹೇಳಬೇಕಿಲ್ಲ. ಹೊಸಬರಿಗೆ ನಾನು ಹೇಳಬಹುದಾದದ್ದು ಇಷ್ಟೇ. ನೀವು ಬರೆಯುವ ಪ್ರತಿ ಸಾಲನ್ನೂ ಯಾರೋ ಒಬ್ಬರು ನಂಬಿ ಕೂರುತ್ತಾರೆ, ಹೊಗೆ ಬಂದರೂ ಏಳುವುದಿಲ್ಲ. ಅಂಥವರು ಸಾಮಾನ್ಯವಾಗಿ ಒಳ್ಳೆಯ ಕೆಲಸಗಾರರೇ ಆಗಿರುತ್ತಾರೆ.

ನಾನು ಈಗ ನನ್ನ ತಂಗಿಯ ಜೊತೆ ವಿಡಿಯೋದಲ್ಲಿ ಮಾತಾಡುವಾಗಲೂ ಅವಳ ಮುಖ ನೋಡುವುದಿಲ್ಲ. ಹಿಂದಿನ ಪರದೆ ಅಲ್ಲಾಡುತ್ತಿದೆಯೇ, ಫ್ಯಾನು ತಿರುಗುತ್ತಿದೆಯೇ ಎಂದು ನೋಡುತ್ತೇನೆ. "ಎಲ್ಲಿ ನೋಡ್ತಿದೀಯೆ ಅಕ್ಕಾ?" ಎಂದು ಬಯ್ಯುತ್ತಾಳೆ.

ಒಂದು ಬದಲಾವಣೆ ಮಾತ್ರ ನಿಯಮದಲ್ಲಿ ಎಲ್ಲೂ ಇಲ್ಲ. ನಿಮ್ಮ ರಿಜಿಸ್ಟ್ರಾರ್ ಈಗಲೂ ಅವರೇ ತಾನೆ, ನೀವು ಗಮನಿಸಿರಬಹುದು. ಸತೀಶ್ ಗುಣವಾಗಿ ಬಂದ ಮೊದಲ ಮೀಟಿಂಗಿನಲ್ಲಿ ನಾನಿದ್ದೆ. ಅವರ ಹಿಂದೆ ಹೊಸದಾಗಿ ಸುಣ್ಣ ಬಳಿದ ಗೋಡೆ, ಅದರ ಮೇಲೆ ಮತ್ತೆ ಒಂದೆರಡು ಸಾಲು ಗಣಪತಿಗಳು. ಯಾರೂ ಏನೂ ಕೇಳಲಿಲ್ಲ. ಚನ್ನಬಸಪ್ಪನವರು ಪಟ್ಟಿ ಕೈಗೆತ್ತಿಕೊಂಡರು, ಅಕ್ಷರಕ್ರಮದ ಅದೇ ಪಟ್ಟಿ. ಕಣ್ಣು ಕೊನೆಯ ಸಾಲಿಗೆ ಹೋಯಿತು.

"ಸತೀಶ್" ಎಂದು ಮೊದಲು ಕರೆದರು.

"ಇದೀನಿ ಸಾರ್."

"ಸರಿ" ಎಂದು, ಮೇಲಿನಿಂದ ಓದಲು ಶುರುಮಾಡಿದರು.